ಪೌಲೋಸ್ ಆಶಾನರ ಹಸಿರು ಪಿಕಪ್

ಪೌಲೋಸ್ ಆಶಾನ್ ಬೈಯುವುದು ಮಾತ್ರ ಕನ್ನಡದಲ್ಲಿ. ನಾನು ಪಕ್ಕದ ಮನೆಗೆ ಬರುವ ತನಕ ಮಿಕ್ಕ ಮಾತೆಲ್ಲ ಮಲಯಾಳಂ. ಹೆಂಡತಿಯ ಹತ್ತಿರ, ಗಿರಾಕಿಗಳ ಹತ್ತಿರ, ಚರ್ಚಿನ ಪಾದ್ರಿಗಳ ಹತ್ತಿರ ತಗ್ಗಿದ ದನಿಯಲ್ಲಿ ಮಾತಾಡುವ ಆ ಮನುಷ್ಯ, ತುಕ್ಕು ಹಿಡಿದ ಬೋಲ್ಟೊಂದು ಬಿಚ್ಚದೆ ಹಟ ಮಾಡಿದರೆ ತಟ್ಟನೆ ಹುಬ್ಬಳ್ಳಿಯವರಾಗಿಬಿಡುತ್ತಿದ್ದರು. ಕೊಚ್ಚಿಯ ಹತ್ತಿರದ ತ್ರಿಪ್ಪುಣಿತ್ತುರದ ಬಾಡಿಗೆ ಮನೆಗೆ ಬಂದ ಮೂರನೆಯ ದಿನ ನಾನು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ನಾನು ಕೆಲಸ ಮಾಡುವ ಬ್ಯಾಂಕಿನಲ್ಲಿ ಬರಿ ಇಂಗ್ಲಿಷು, ಬಸ್ಸಿನಲ್ಲಿ ಬರಿ ಮಲಯಾಳಂ. ಮೂರು ದಿನದಿಂದ ಕಿವಿಗೆ ಹೊರಗಿನ ಒಂದು ಕನ್ನಡ ಪದ ಬಿದ್ದಿರಲಿಲ್ಲ. ಆಗ ಕಾಂಪೌಂಡಿನ ಆಚೆಯಿಂದ ಕೇಳಿಸಿತು: "ನಿನ್ನ ಹೆಣಾ ಎತ್ತಲಿ, ಎಷ್ಟ್ ಕಾಡಸ್ತೀಯೋ ಹಲ್ಕಟ್ಟ. ಬಾ ಹೊರಗ, ಬಾ."

ಇಣುಕಿ ನೋಡಿದರೆ ತಗಡಿನ ಶೆಡ್ಡಿನೊಳಗೆ ಜೀಪೊಂದರ ಕೆಳಗಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು. ನಾನು ಮೈಸೂರಿನವಳು. ನಮ್ಮ ಮನೆಯಲ್ಲಿ ಯಾರೂ ಬಾಯಲ್ಲಿ ಆಡದ ಮಾತುಗಳವು. ಆದರೂ ಒದ್ದೆ ಬಟ್ಟೆ ಕೈಯಲ್ಲಿ ಹಿಡಿದು, ಇನ್ನೂ ಸ್ವಲ್ಪ ಬೈಯಲಿ ಎಂದು ನಿಂತುಬಿಟ್ಟೆ.

"ಆಶಾನ್" ಎಂದರೆ ಆ ಕಡೆ ಗುರು. ಮರಗೆಲಸದವರಿಗೂ ಮೆಕ್ಯಾನಿಕ್ಕುಗಳಿಗೂ, ಕೈಯಲ್ಲಿ ವಿದ್ಯೆ ಇದ್ದವರಿಗೆಲ್ಲ ಅದೇ ಗೌರವದ ಹೆಸರು. ಇವರು ಹದಿನೆಂಟು ವರ್ಷ ಹುಬ್ಬಳ್ಳಿಯ ಒಂದು ಲಾರಿ ಗ್ಯಾರೇಜಿನಲ್ಲಿ ದುಡಿದು ಊರಿಗೆ ಮರಳಿದ್ದರು. ಯಾಕೆ ಕನ್ನಡದಲ್ಲಿ ಬೈಯುತ್ತೀರಿ ಎಂದು ನಾನು ಕೇಳಿದಾಗ, "ಮಲಯಾಳದಾಗ ಬೈದ್ರ ಪಾದ್ರಿಗೆ ಕೇಳಸ್ತದ್ರೀ ಮೇಡಂ. ಕನ್ನಡದಾಗ ಬೈದ್ರ ದೇವರಿಗಷ್ಟ ಕೇಳಸ್ತದ. ಅವನ್ದು ನಾನು ನೋಡ್ಕೊಂತೀನಿ" ಎಂದರು, ನಗದೆ.

ಅರವತ್ತರ ಹತ್ತಿರದ ಕುಳ್ಳು ದೇಹ. ಮೊಣಕಾಲ ಮೇಲಕ್ಕೆ ಮಡಿಸಿ ಕಟ್ಟಿದ ಮುಂಡು, ಎಡಗೈ ಹೆಬ್ಬೆರಳಿಗೆ ಉಗುರಿಲ್ಲ. ಗಿರಾಕಿ ವಾಹನ ತಂದು ನಿಲ್ಲಿಸುವಾಗ ಅವರು ಅದನ್ನು ನೋಡುತ್ತಿರಲಿಲ್ಲ. ತಲೆ ತಗ್ಗಿಸಿ ನೆಲ ನೋಡುತ್ತ ಕೇಳಿಸಿಕೊಳ್ಳುತ್ತಿದ್ದರು. ಗಾಡಿಗೆ ಮಲಯಾಳದ "ವಂಡಿ" ಎಂಬ ಪದವನ್ನೇ ಕನ್ನಡದೊಳಗೂ ಸೇರಿಸಿಕೊಂಡಿದ್ದರು. "ಖಾಲಿ ವಂಡಿ ಕುಣಿತದ, ತುಂಬಿದ ವಂಡಿ ನಡಿತದ" ಎನ್ನುವುದು ಅವರ ಮಾತು. ಮನುಷ್ಯರ ವಿಷಯಕ್ಕೂ ಅದನ್ನೇ ಹೇಳುತ್ತಿದ್ದರು.

ಶೆಡ್ಡಿನ ಹಿಂದೆ, ತೆಂಗಿನ ಗರಿಯ ಚಪ್ಪರದಡಿ, ಅವರ ಸ್ವಂತದ ಪಿಕಪ್ ಇತ್ತು. ಅಮೆರಿಕದಲ್ಲಿ ತಯಾರಾಗಿ ಯಾವುದೋ ಕಾಲದಲ್ಲಿ ಇಡುಕ್ಕಿಯ ಚಹಾ ತೋಟಕ್ಕೆ ಬಂದಿದ್ದ ಗಾಡಿ. ದುಂಡು ಮೂತಿ, ಉಬ್ಬಿದ ಮಡ್‌ಗಾರ್ಡುಗಳು, ಎಲೆಹಸಿರು ಬಣ್ಣ. ತೋಟದವರು ಗುಜರಿಗೆ ಎಸೆದಿದ್ದನ್ನು ಲಾರಿಗೆ ಹೇರಿಕೊಂಡು ತಂದು, ಹದಿನಾಲ್ಕು ವರ್ಷ ಕೂತು ಅದನ್ನು ಹುಟ್ಟಿದಾಗ ಇದ್ದಂತೆ ಮಾಡಿದ್ದರು. ಬೇರೆ ಕಂಪನಿಯ ಒಂದು ನಟ್ಟೂ ಅದಕ್ಕೆ ಸೋಕಕೂಡದು. ಒಂದು ಬಾಗಿಲ ಹಿಡಿಗಾಗಿ ಕಲ್ಕತ್ತಾದವರೆಗೆ ಹೋಗಿ ಬಂದಿದ್ದರಂತೆ. ಸಿನಿಮಾದವರು ಒಮ್ಮೆ ಬಂದು, ಬಾಡಿಗೆಗೆ ಕೊಡಿ, ಕೆಂಪು ಬಣ್ಣ ಹೊಡೆದು ನಾಯಕನಿಗೆ ಬೇಕು ಎಂದಿದ್ದಕ್ಕೆ ಗೇಟಿನವರೆಗೆ ಮರ್ಯಾದೆಯಿಂದ ಬಿಟ್ಟುಬಂದು, ಆಮೇಲೆ ಹತ್ತು ನಿಮಿಷ ಕನ್ನಡದಲ್ಲಿ ಮಾತಾಡಿದರು. ವರ್ಷಕ್ಕೊಂದು ಸಲ, ಚರ್ಚಿನ ಹಬ್ಬದ ದಿನ, ಹೆಂಡತಿ ಏಲ್ಯಾಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ಹೊರಗೆ ತೆಗೆಯುತ್ತಿದ್ದರು. ಅಷ್ಟೇ.

ನಾನು ಮತ್ತು ನನ್ನ ಗಂಡ ಶ್ರೀಧರ ಮೈಸೂರಿನ ಒಂದೇ ಕಾಲೇಜಿನವರು. ಅವನನ್ನು ಹೆಸರು ಹಿಡಿದೇ ಕರೆಯುತ್ತಿದ್ದೆ. ಅವನು ಕೊಚ್ಚಿಯ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ತೊಂಬತ್ತರ ದಶಕದ ನಡುವೆ, ನಾವಲ್ಲಿಗೆ ಹೋದ ಎರಡನೆಯ ವರ್ಷ, ಅವನಿಗೆ ಬೆನ್ನುನೋವು ಶುರುವಾಯಿತು. ಕುರ್ಚಿಯದು ಎಂದುಕೊಂಡೆವು, ಸ್ಕೂಟರಿನದು ಎಂದುಕೊಂಡೆವು. ಸ್ಕ್ಯಾನ್ ಫೋಟೋ ತೆಗೆದಾಗ ಗೊತ್ತಾಯಿತು: ಗಡ್ಡೆ ಮೂತ್ರಪಿಂಡದಿಂದ ಬೆನ್ನುಮೂಳೆಗೆ ಇಳಿದಿತ್ತು. ಅವನಿಗೆ ಮೂವತ್ತೆಂಟು. ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು, "ಮೂಳೆ ಬಿಸ್ಕತ್ತಿನ ಹಾಗೆ ಆಗಿದೆ. ಒಂದು ಜೋರಾದ ಕುಲುಕು ಸಾಕು, ಕಾಲೆರಡೂ ಹೋಗಬಹುದು" ಎಂದರು. ಚಿಕಿತ್ಸೆಗೆ ತಿರುವನಂತಪುರದ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಮೂರು ವಾರಕ್ಕೊಮ್ಮೆ ಹೋಗಬೇಕು, ನಾಲ್ಕೈದು ದಿನವಿದ್ದು ಬರಬೇಕು. ಅಲ್ಲೇ ಉಳಿಯೋಣವೆಂದರೆ ನನ್ನ ರಜೆ ಮುಗಿಯುತ್ತ ಬಂದಿತ್ತು. ತಿರುವನಂತಪುರಕ್ಕೋ ಮೈಸೂರಿಗೋ ವರ್ಗಾವಣೆ ಕೇಳಿದ ಅರ್ಜಿಗೆ ಉತ್ತರವಿರಲಿಲ್ಲ.

ಮೊದಲ ಸಲ ರೈಲಿನಲ್ಲಿ ಹೋದೆವು. ಸ್ಟ್ರೆಚರು ಬೋಗಿಯ ಬಾಗಿಲಲ್ಲಿ ತಿರುಗಲಿಲ್ಲ. ಅವನನ್ನು ನಾಲ್ಕು ಜನ ಮೂಟೆಯಂತೆ ಓರೆ ಮಾಡಿ ಒಳಗೆ ಎಳೆದುಕೊಂಡರು. ಆಗ ಅವನು ಕೂಗಿದ ಕೂಗಿಗೆ ಪ್ಲಾಟ್‌ಫಾರಮ್ಮಿನ ಜನವೆಲ್ಲ ತಿರುಗಿ ನೋಡಿದರು. ಎರಡನೆಯ ಸಲ ಆಂಬುಲೆನ್ಸ್ ಮಾಡಿಕೊಂಡೆ. ಸೈರನ್ ಹಾಕಿಕೊಂಡು ಐದು ಗಂಟೆಯಲ್ಲಿ ತಂದು ಮುಟ್ಟಿಸಿದರು. ಬರುವಾಗ ಕರುನಾಗಪ್ಪಳ್ಳಿಯ ಹತ್ತಿರ, ಕಿತ್ತುಹೋದ ರಸ್ತೆಯಲ್ಲಿ, ಅವನ ಬಾಯಿಗೆ ನಾನು ಟವೆಲ್ಲು ತುರುಕಿದೆ. ಹೆಂಡತಿಯಾದವಳು ಮಾಡಬೇಕಾದ ಕೆಲಸವಲ್ಲ ಅದು. ಬೇರೆ ಏನೂ ತೋಚಲಿಲ್ಲ.

ಆಂಬುಲೆನ್ಸ್ ಮನೆ ಮುಂದೆ ನಿಂತಾಗ ಆಶಾನ್ ಓಡಿ ಬಂದರು. ಅವರೇ ಸ್ಟ್ರೆಚರಿನ ತಲೆಯ ಕಡೆ ಹಿಡಿದರು. ಶ್ರೀಧರನನ್ನು ಮಂಚದ ಮೇಲೆ ಮಲಗಿಸಿದ ಮೇಲೆ ಅವನು ನನ್ನ ಮುಂಗೈ ಹಿಡಿದುಕೊಂಡು ಹೇಳಿದ: "ಸುಧಾ, ಇನ್ನು ನಾನು ಎಲ್ಲಿಗೂ ಹೋಗಲ್ಲ. ಇಲ್ಲೇ ಆಗಿಹೋಗಲಿ ಕಣೇ. ಆ ವ್ಯಾನಿಗೆ ಮಾತ್ರ ಮತ್ತೆ ಹಾಕಬೇಡ ನನ್ನ."

ನಾನು ಹೊರಗೆ ಬಂದೆ. ಆಶಾನ್ ಆಂಬುಲೆನ್ಸಿನ ಹಿಂದೆ ಮಂಡಿಯೂರಿ ಕೆಳಗೆ ಇಣುಕುತ್ತಿದ್ದರು. ಎದ್ದು, ಒಳಗೆ ನೆಲದ ಮೇಲೆ ಬಿದ್ದಿದ್ದ ಟವೆಲ್ಲನ್ನು ತೆಗೆದರು. ಎರಡು ಕಡೆ ಹಲ್ಲಿನಿಂದ ತೂತು ಬಿದ್ದಿತ್ತು. ಅದನ್ನು ಬಿಡಿಸಿ ನೋಡಿ, ನಾಲ್ಕಾಗಿ ಮಡಿಸಿ ನನ್ನ ಕೈಗೆ ಕೊಟ್ಟರು.

"ಡ್ರೈವರಂದು ತಪ್ಪಿಲ್ಲ ಮೇಡಂ," ಎಂದರು. "ಎರಡು ಟನ್ ಹೊರೂ ಸ್ಪ್ರಿಂಗು ಹಾಕ್ಯಾರ. ಸಾರ್ ಐವತ್ತು ಕಿಲೋ ಅದಾರ. ತನ್ನ ಮ್ಯಾಲೆ ಒಬ್ಬ ಮನಷ್ಯಾ ಮಲಗ್ಯಾನ ಅಂತ ಆ ಸ್ಪ್ರಿಂಗಿಗೆ ಗೊತ್ತ ಆಗಂಗಿಲ್ಲ." ಸ್ವಲ್ಪ ಹೊತ್ತು ನೆಲ ನೋಡಿದರು. "ಮತ್ತ ಯಾವಾಗ ಹೋಗಬೇಕು?"

"ಹತ್ತೊಂಬತ್ತು ದಿನಕ್ಕೆ. ಆದರೆ ಅವನು ಒಲ್ಲೆ ಅಂತಾನೆ."

"ಹತ್ತೊಂಬತ್ತು," ಎಂದಷ್ಟೇ ಹೇಳಿ ಹೋದರು.

ಮರುದಿನ ಬೆಳಿಗ್ಗೆ ಗರಗಸದ ಸದ್ದು. ಹಿತ್ತಿಲಿಗೆ ಹೋಗಿ ನೋಡಿದರೆ ಹಸಿರು ಪಿಕಪ್ಪಿನ ಹಿಂಭಾಗವನ್ನು ಮರದ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿದ್ದರು. ಸ್ಪ್ರಿಂಗ್ ಪಟ್ಟಿಗಳನ್ನು ಅಚ್ಚಿಗೆ ಬಿಗಿದಿದ್ದ ಬೋಲ್ಟುಗಳು ಮೂವತ್ತು ನಲವತ್ತು ವರ್ಷದಿಂದ ಅಲುಗಿರಲಿಲ್ಲ, ಮೂಲದವೆಂದು ಅವರೂ ಮುಟ್ಟಿರಲಿಲ್ಲ. ಅವು ಬಿಚ್ಚಲಿಲ್ಲವೆಂದು ಕತ್ತರಿಸುತ್ತಿದ್ದರು. ಏಲ್ಯಾಮ್ಮ ಅಡಿಗೆಮನೆಯ ಬಾಗಿಲಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಆ ದಿನ ಆಶಾನ್ ಬೈಯಲಿಲ್ಲ. ಕೊರಳಿನ ನರ ಉಬ್ಬಿಸಿಕೊಂಡು ಗರಗಸ ಎಳೆದರು. ತುಂಡಾದ ಬೋಲ್ಟು ಕೆಳಗೆ ಬಿದ್ದಾಗ ಕಾಲಿನಿಂದ ಪಕ್ಕಕ್ಕೆ ಸರಿಸಿದರು.

"ಆಶಾನ್, ಬೇಡ," ಎಂದೆ. "ಅವನು ಬರಲ್ಲ ಅಂದಿದಾನೆ. ಸುಮ್ಮನೆ ನಿಮ್ಮ ಗಾಡಿ ಹಾಳಾಗುತ್ತೆ."

"ಸಾರ್ ಬರಂಗಿಲ್ಲ ಅಂದದ್ದು ಆ ವಂಡಿಗೆ," ಎಂದರು.

ಒಂದೊಂದು ಕಡೆ ಒಂಬತ್ತು ಪಟ್ಟಿಗಳಿದ್ದವು, ಒಂದರ ಮೇಲೊಂದು. ನಾಲ್ಕನ್ನು ಹೊರಗೆ ತೆಗೆದರು. ಉಳಿದವುಗಳ ಅಂಚನ್ನು ಅರದಿಂದ ಉಜ್ಜಿ, ನಡುವೆ ಗ್ರೀಸು ತುಂಬಿ, ತುದಿಗಳಿಗೆ ಹಳೆಯ ರಬ್ಬರ್ ಬೆಲ್ಟಿನ ತುಂಡು ಕೂರಿಸಿದರು. ಹಿಂದೆ ಮಲಗುವ ಜಾಗದಲ್ಲಿ ಹಲಗೆಯ ಕೆಳಗೆ ಆರು ಚೀಲ ಮರಳು ಹಾಸಿದರು. ಭಾರವಿದ್ದರೆ ಗಾಡಿ ಕುಣಿಯುವುದಿಲ್ಲ. ಮೊದಲು ಅವರಿಗೊಂದು ಬೇರೆಯೇ ಯೋಚನೆ ಬಂದಿತ್ತು: ಲಾರಿ ಟ್ಯೂಬಿನ ಪಟ್ಟಿಗಳಿಂದ ಮಂಚವನ್ನು ತೊಟ್ಟಿಲಿನ ಹಾಗೆ ತೂಗುಹಾಕುವುದು. ಎರಡು ದಿನ ಅದರಲ್ಲೇ ಹೋಯಿತು. ಅವರೇ ಅದರಲ್ಲಿ ಮಲಗಿ, ಪರಿಚಯದ ಡ್ರೈವರೊಬ್ಬರ ಕೈಯಲ್ಲಿ ಗಾಡಿ ಓಡಿಸಿ, ಇಳಿದು ಬೇಲಿಯ ಬುಡದಲ್ಲಿ ವಾಂತಿ ಮಾಡಿಕೊಂಡರು. ಟ್ಯೂಬನ್ನೆಲ್ಲ ಕತ್ತರಿಸಿ ಎಸೆದರು.

ಆಮೇಲೆ ಶಾಕ್‌ಅಬ್ಸಾರ್ಬರ್. ಹಳೆಯವು ಕೆಲಸಕ್ಕೆ ಬಾರದವು. ಗುಜರಿ ಕಾರೊಂದರವನ್ನು ತಂದಿದ್ದರು, ಆದರೆ ಅವನ್ನು ಗಾಡಿಯ ಅಡಿಯ ಚೌಕಟ್ಟಿಗೆ ಹಿಡಿಸಲು ಓರೆಯಾದ ಒಂದು ಕಬ್ಬಿಣದ ಬ್ರಾಕೆಟ್ ಬೇಕು, ಅದರ ಕೋನ ಅವರಿಗೆ ಹೊಂದುತ್ತಿರಲಿಲ್ಲ. ಸಂಜೆ ಶ್ರೀಧರನ ಮಂಚದ ಹತ್ತಿರ ಬಂದು ಕೂತರು.

"ಸಾರ್, ನೀವು ನಕ್ಷೆ ಬರೀತೀರಂತ. ನನಗೊಂದು ಬರದ ಕೊಡ್ರಿ."

ಶ್ರೀಧರ ಸೂರು ನೋಡುತ್ತ ಮಲಗಿದ್ದ. "ಯಾವ ನಕ್ಷೆ ಆಶಾನ್? ಸಮಾಧೀದಾ?"

"ಅದಕ್ಕ ನಕ್ಷಾ ಬೇಕಾಗಂಗಿಲ್ಲ್ರೀ. ಆರು ಫೂಟು, ಮೂರು ಫೂಟು. ಇದು ಬಾಳ ಕಷ್ಟದ್ದದ."

ನಾನು ಆಶಾನರನ್ನು ದುರುಗುಟ್ಟಿ ನೋಡಿದೆ. ಆದರೆ ಶ್ರೀಧರ ನಕ್ಕ. ಎರಡು ತಿಂಗಳಲ್ಲಿ ಮೊದಲ ಸಲ. ಬೋರ್ಡು ತಾ ಎಂದ. ಮಲಗಿಕೊಂಡು ಮೇಲಕ್ಕೆ ಹಿಡಿದರೆ ಪೆನ್ನು ಬರೆಯುವುದಿಲ್ಲ, ಪೆನ್ಸಿಲ್ ಬರೆಯುತ್ತದೆ. ನಾನು ಬೋರ್ಡನ್ನು ಅವನ ಮುಖದ ಮೇಲೆ ಎರಡು ಕೈಯಲ್ಲಿ ಹಿಡಿದು ನಿಂತೆ. ಆಶಾನ್ ಅಳತೆ ಹೇಳುತ್ತ ಹೋದರು, ಅವನು ಗೆರೆ ಎಳೆದ. ನಡುನಡುವೆ ತೋಳು ಸೋತು ಬೀಳುತ್ತಿತ್ತು, ಕಾಯುತ್ತಿದ್ದೆವು. ಮುಗಿಸಲು ಮೂರು ಸಂಜೆ ಬೇಕಾಯಿತು. ಕೊನೆಗೆ ಅವನು, "ಎರಡು ಮಿಲಿಮೀಟರ್ ಆಚೀಚೆ ಆದರೆ ನಂಗೇ ಚುಚ್ಚೋದು ಆಶಾನ್, ನೋಡ್ಕೊಂಡು ಮಾಡಿ" ಎಂದ. ಬರುತ್ತೇನೆ ಎಂದು ಅವನು ಹೇಳಿದ್ದು ಇಷ್ಟೇ.

ಪರೀಕ್ಷೆಗೆ ಮಲಗುವವಳು ನಾನು. ಅವನಷ್ಟೇ ಎತ್ತರ, ಹೆಚ್ಚು ಕಡಿಮೆ ಅವನಷ್ಟೇ ತೂಕಕ್ಕೆ ನಾನೂ ಇಳಿದಿದ್ದೆ. ಕ್ಯಾಬಿನ್ನಿನ ಕಡೆ ತಲೆ ಮಾಡಿ, ತೆಂಗಿನ ನಾರಿನ ಹಾಸಿಗೆಯ ಮೇಲೆ ಕಣ್ಣು ಮುಚ್ಚಿ ಮಲಗಿದೆ. ಉದಯಂಪೇರೂರ್ ಕಡೆಯ ರಸ್ತೆಯಲ್ಲಿ ಆಶಾನ್ ಓಡಿಸಿದರು. ಡ್ರೈವರನ ಹಿಂದಿನ ಗಾಜು ತೆಗೆದುಹಾಕಿದ್ದರಿಂದ ಮಾತು ಕೇಳುತ್ತಿತ್ತು. "ಎಲ್ಲಿ ಬಡಿತು?" ಎಂದು ಪ್ರತಿ ಹಳ್ಳಕ್ಕೂ ಕೇಳುತ್ತಿದ್ದರು. "ಸೊಂಟಕ್ಕೆ." "ಒಮ್ಮೆಯೋ, ಎರಡ ಸಲವೋ?" "ಎರಡು ಸಲ. ಎರಡನೇದು ಸಣ್ಣದು." ಮನೆಗೆ ಬಂದು ಮತ್ತೆ ಬಿಚ್ಚುತ್ತಿದ್ದರು. ಆರನೆಯ ಸಲಕ್ಕೆ, ಗಾಡಿ ಹಳ್ಳಕ್ಕೆ ಇಳಿದು ಎದ್ದದ್ದು ನನಗೆ ಉಸಿರೆಳೆದು ಬಿಟ್ಟಷ್ಟೇ ಅನ್ನಿಸಿತು. ಬೆನ್ನಿನಡಿ ಏನೂ ಬಡಿಯಲಿಲ್ಲ. ನಾನು ಮಲಗಿದ್ದಲ್ಲೇ "ಆಶಾನ್, ಇದೇ, ಇದೇ" ಎಂದೆ.

ಅಷ್ಟರಲ್ಲಿ ಎದುರಿನ ಬಸ್ಸೊಂದು ಸೈಕಲ್ಲಿನವನನ್ನು ತಪ್ಪಿಸಲು ನಮ್ಮ ಕಡೆಗೆ ಬಂತು. ಆಶಾನ್ ಬ್ರೇಕ್ ಒತ್ತಿದರು. ಮೆತ್ತಗಾಗಿದ್ದ ಗಾಡಿ ಮೂಗು ತಗ್ಗಿಸಿ ಎಡಕ್ಕೆ ಎಳೆಯಿತು. ನಾನು ಹಾಸಿಗೆಯ ಸಮೇತ ಜಾರಿ ಕ್ಯಾಬಿನ್ನಿನ ತಗಡಿಗೆ ತಲೆ ಬಡಿದುಕೊಂಡೆ. ಹುಬ್ಬಿನ ಮೇಲೆ ಒಡೆದು ರಕ್ತ ಬಂತು. ಆಶಾನ್ ಇಳಿದು ಹಿಂದೆ ಬಂದು ನೋಡಿದರು. ನನ್ನ ಹಣೆಗೆ ತಮ್ಮ ಹೆಗಲ ಮೇಲಿನ ಬಟ್ಟೆ ಒತ್ತಿ ಹಿಡಿದರು. ಆಮೇಲೆ ರಸ್ತೆಯ ಬದಿಯಲ್ಲಿ ಕುಕ್ಕರಿಸಿದರು.

"ಇದು ಸಾರ್ ಆಗಿದ್ರ?" ಎಂದರು. ಇಬ್ಬರಿಗೂ ಉತ್ತರ ಗೊತ್ತಿತ್ತು. "ಹನ್ನೊಂದ ದಿನ ಸುಮ್ನ ಹಾಳ ಮಾಡಿದೆ, ತಂಗಿ. ನಿಲ್ಲೂದು ಕಲಿಸೂಕಿಂತ ಮೊದಲ ನಡಿಯೂದು ಕಲಿಸಿದೆ."

ಮೇಡಂ ಹೋಗಿ ತಂಗಿಯಾದದ್ದು ಆ ದಿನವೇ.

ಉಳಿದ ಎಂಟು ದಿನ ಅವರು ಬೇರೆ ಗಿರಾಕಿಗಳ ಕೆಲಸ ಮುಟ್ಟಲಿಲ್ಲ. ಗೇಟಿಗೆ ಸರಪಳಿ ಹಾಕಿದರು. ನಾಲ್ಕೂ ಚಕ್ರದ ಬ್ರೇಕ್ ಡ್ರಮ್ಮುಗಳನ್ನು ಬಿಚ್ಚಿ, ಸೈಕಲ್ ರಿಕ್ಷಾದಲ್ಲಿ ಹೇರಿಕೊಂಡು ಹೋಗಿ ಲೇತಿಗೆ ಕೊಟ್ಟು ದುಂಡು ಸರಿಮಾಡಿಸಿದರು. ಬ್ರೇಕಿನ ಮಾಸ್ಟರ್ ಸಿಲಿಂಡರ್ ಬದಲಿಸಿದರು. ಹಳೆಯ ವ್ಯಾನೊಂದರಿಂದ ಬ್ರೇಕಿಗೆ ಬಲ ಕೊಡುವ ಬೂಸ್ಟರ್ ತಂದು ಕೂರಿಸಿದರು. ಅದು ಕೂತ ಮೇಲೆ ಹೊಸ ತೊಂದರೆ: ಕಾಲು ಸೋಕಿದರೆ ಸಾಕು, ಗಾಡಿ ಗಪ್ಪನೆ ನಿಲ್ಲುತ್ತಿತ್ತು. ಅದಕ್ಕಾಗಿ ಬ್ರೇಕ್ ಲೈನರುಗಳ ಅಂಚನ್ನು ಇಳಿಜಾರಾಗಿ ಅರದಿಂದ ತೇಯ್ದರು. ಹಾಗೆ ತೇಯ್ದರೆ ಅವು ಡ್ರಮ್ಮನ್ನು ಒಮ್ಮೆಲೇ ಕಚ್ಚುವುದಿಲ್ಲವಂತೆ. ತೇಯುವುದು, ಜೋಡಿಸುವುದು, ಓಡಿಸುವುದು, ಮತ್ತೆ ಬಿಚ್ಚುವುದು. ಅವರ ಬೆರಳ ತುದಿಗಳ ಚರ್ಮ ಹೋಗಿತ್ತು. ಏಲ್ಯಾಮ್ಮ ಗಂಜಿಯನ್ನು ಪ್ಲಾವಿಲದಲ್ಲಿ, ಅಂದರೆ ಹಲಸಿನ ಎಲೆ ಮಡಿಸಿ ಮಾಡಿದ ಚಮಚದಲ್ಲಿ, ಮಗುವಿಗೆ ಕುಡಿಸುವಂತೆ ಅವರ ಬಾಯಿಗೆ ಹಾಕುತ್ತಿದ್ದುದನ್ನು ನಾನು ನೋಡಿದ್ದೇನೆ. ಹದಿನೆಂಟನೆಯ ದಿನ ನನ್ನನ್ನು ಮತ್ತೆ ಮಲಗಿಸಿ, ಎದೆಯ ಮೇಲೆ ಒಂದು ನಿಂಬೆಹಣ್ಣು ಇಟ್ಟರು. ನಲವತ್ತರ ವೇಗದಿಂದ ಗಾಡಿ ನಿಂತಿತು. ನಿಂಬೆಹಣ್ಣು ಗದ್ದದವರೆಗೆ ಉರುಳಿ ಬಂದು ಅಲ್ಲೇ ನಿಂತಿತು.

ಹತ್ತೊಂಬತ್ತನೆಯ ದಿನ ಬೆಳಕು ಹರಿಯುವಾಗ ಹೊರಟೆವು. ಮೇಲೆ ಬಿದಿರಿನ ಕಮಾನು, ಅದರ ಮೇಲೆ ಟಾರ್ಪಾಲು. ಶ್ರೀಧರ, ಬೇಕಾದೀತೆಂದು, ಆ ಟವೆಲ್ಲನ್ನು ಕೈಯಲ್ಲೇ ಹಿಡಿದುಕೊಂಡಿದ್ದ. ಗಂಟೆಗೆ ಮೂವತ್ತು ಕಿಲೋಮೀಟರ್. ಹಿಂದೆ ಬಸ್ಸು ಲಾರಿಗಳು ಹಾರ್ನ್ ಹೊಡೆದು ಬೈದುಕೊಂಡು ಮುಂದೆ ಹೋಗುತ್ತಿದ್ದವು. ಪ್ರತಿ ಹಳ್ಳಕ್ಕೆ ಮೊದಲು ಆಶಾನ್ ಗಾಜಿಲ್ಲದ ಕಿಟಕಿಯಿಂದ ಕೂಗುತ್ತಿದ್ದರು: "ಸಾರ್, ಹಳ್ಳ ಬಂತು. ಉಸರ ಬಿಡ್ರಿ." ಶ್ರೀಧರ ಉಸಿರು ಬಿಡುತ್ತಿದ್ದ, ಗಾಡಿ ಇಳಿದು ಏರುತ್ತಿತ್ತು. ಹರಿಪ್ಪಾಡಿನಲ್ಲಿ ಅವನು ಮುಲುಗಿದ. ಕಾಯಂಕುಳದಲ್ಲಿ ಎರಡು ಸಲ ನನ್ನ ಕೈ ಹಿಸುಕಿದ. ಕೂಗಲಿಲ್ಲ. ಕೊಲ್ಲಂ ದಾಟಿದ ಮೇಲೆ ನೋಡುತ್ತೇನೆ, ನಿದ್ದೆ ಹೋಗಿದ್ದ. ನಾನು ಕಿಟಕಿಗೆ ಬಾಯಿಟ್ಟು ಪಿಸುಗುಟ್ಟಿದೆ, "ಆಶಾನ್, ಮಲಗಿದಾನೆ." ಅವರು ಮುಂಡಿನ ತುದಿಯಿಂದ ಕಣ್ಣೊರೆಸಿಕೊಂಡದ್ದು ಕನ್ನಡಿಯಲ್ಲಿ ಕಂಡಿತು.

ತಿರುವನಂತಪುರದ ಶ್ರೀಕಾರ್ಯಂನಲ್ಲಿ ನಮ್ಮ ಕಡೆಯವರೊಬ್ಬರು ತಮ್ಮ ಮನೆಯ ಮುಂದಿನ ಕೋಣೆ ಬಿಟ್ಟುಕೊಟ್ಟಿದ್ದರು. ಅಲ್ಲಿಂದ ಆಸ್ಪತ್ರೆಗೆ ದಿನವೂ ಪಿಕಪ್ಪಿನಲ್ಲೇ. ಹೀಗೆ ಐದು ಸಲ ಹೋಗಿಬಂದೆವು. ಪ್ರತಿ ಸಲವೂ ಆಶಾನ್ ಊರಿಗೆ ಮರಳಿದ ಮರುದಿನ ಏನಾದರೊಂದು ಬಿಚ್ಚಿ, ಇನ್ನೂ ಸ್ವಲ್ಪ ಮೆತ್ತಗೆ ಮಾಡುತ್ತಿದ್ದರು. ಅವರಿಗೊಂದು ನಂಬಿಕೆ ಹುಟ್ಟಿತ್ತು ಎಂದು ನನಗನ್ನಿಸುತ್ತದೆ: ಗಾಡಿ ಪೂರ್ತಿ ಸರಿಹೋದರೆ ಶ್ರೀಧರನೂ ಸರಿಹೋಗುತ್ತಾನೆ ಎಂದು. ನನಗೂ ಅದೇ ನಂಬಿಕೆ ಅಂಟಿತು. ಶಾಕ್‌ಅಬ್ಸಾರ್ಬರಿನ ಎಣ್ಣೆ ಬದಲಿಸಿದ ದಿನ ನಾನು ತ್ರಿಪ್ಪುಣಿತ್ತುರದ ದೇವಸ್ಥಾನದಲ್ಲಿ ಅರ್ಚನೆ ಮಾಡಿಸಿದ್ದೆ. ಮನುಷ್ಯ ಕೈಚೆಲ್ಲುವ ಸ್ಥಿತಿಗೆ ಬಂದಾಗ ಏನನ್ನಾದರೂ ಹಿಡಿದುಕೊಳ್ಳುತ್ತಾನೆ. ನಮ್ಮಿಬ್ಬರ ಕೈಗೆ ಸಿಕ್ಕಿದ್ದು ಅದು.

ಐದನೆಯ ಸಲ ಡಾಕ್ಟರು ಫೋಟೋಗಳನ್ನು ದೀಪದ ಮುಂದೆ ಹಿಡಿದು ಬಹಳ ಹೊತ್ತು ನೋಡಿದರು. "ಇನ್ನು ಇಲ್ಲಿಗೆ ತರುವುದು ಬೇಡ. ಮನೆಯಲ್ಲಿ ಇಟ್ಟುಕೊಳ್ಳಿ" ಎಂದರು. ಶ್ರೀಧರನಿಗೆ ನಾನು ಹೇಳಲಿಲ್ಲ. ಅವನು ಕೇಳಲೂ ಇಲ್ಲ. ಹೊರಗೆ ಪಿಕಪ್ಪಿಗೆ ಒರಗಿ ನಿಂತಿದ್ದ ಆಶಾನರಿಗೆ ಹೇಳಿದೆ. ಅವರು ಬಗ್ಗಿ ಹಿಂದಿನ ಚಕ್ರದ ಹತ್ತಿರ ಏನನ್ನೋ ಬಿಗಿಮಾಡುವವರ ಹಾಗೆ ಸ್ಪ್ಯಾನರ್ ಹಿಡಿದು ಕೂತರು. ಅಲ್ಲಿ ಬಿಗಿಮಾಡುವಂಥದ್ದೇನೂ ಇರಲಿಲ್ಲ.

ಮಾರನೆಯ ದಿನ ನಸುಕಿನಲ್ಲಿ ಹೊರಟೆವು. ಕೊಲ್ಲಂನಿಂದ ಅವನಿಗೆ ಬೆವರು ಶುರುವಾಯಿತು. ಒದ್ದೆ ಬಟ್ಟೆಯಿಂದ ಹಣೆ ಒರೆಸುತ್ತ ಕೂತೆ. ಒರೆಸುವುದು, ಹಿಂಡುವುದು, ಮತ್ತೆ ಒರೆಸುವುದು. ಆಲಪ್ಪುಳ ದಾಟುವಾಗ ಹನ್ನೊಂದು ಗಂಟೆ. ಟಾರ್ಪಾಲಿನ ಸಂದಿಯಿಂದ ಬಿಸಿಲು ಅವನ ಎದೆಯ ಮೇಲೆ ಬೀಳುತ್ತಿತ್ತು. "ಸಾರ್, ಹಳ್ಳ ಬಂತು. ಉಸರ ಬಿಡ್ರಿ" ಎಂದು ಆಶಾನ್ ಕೂಗಿದರು. ಶ್ರೀಧರ ಉಸಿರು ಬಿಟ್ಟ. ಗಾಡಿ ಇಳಿದು ಏರಿತು. ಅವನು ಮತ್ತೆ ಎಳೆದುಕೊಳ್ಳಲಿಲ್ಲ.

ಮುಖ ನೋಡಿದೆ. ಮೂಗಿನ ಹತ್ತಿರ ಬೆರಳಿಟ್ಟೆ. ನೋವಿನ ಒಂದು ಗೆರೆಯೂ ಇರಲಿಲ್ಲ. ಹೊದಿಕೆಯನ್ನು ಎದೆಯವರೆಗೆ ಎಳೆದು, ಅವನ ಕೈಯನ್ನು ನನ್ನ ಮಡಿಲಲ್ಲಿಟ್ಟುಕೊಂಡು ಕೂತೆ.

ಕಿಟಕಿ ನನ್ನ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಒಂದು ಮಾತು ಹೇಳಿದ್ದರೆ ಆಶಾನ್ ಗಾಡಿ ನಿಲ್ಲಿಸುತ್ತಿದ್ದರು. ನಿಲ್ಲಿಸಿ? ರಸ್ತೆ ಬದಿಯಲ್ಲಿ ನಾವಿಬ್ಬರು ಮಾಡುವುದೇನಿತ್ತು? ಅವರು ಇನ್ನೂ ಮೂವತ್ತರಲ್ಲೇ, ಒಂದೊಂದು ಕಲ್ಲನ್ನೂ ತಪ್ಪಿಸುತ್ತ, ಮೊಟ್ಟೆಯ ಮೇಲೆ ನಡೆಯುವವರಂತೆ ಗಾಡಿ ಓಡಿಸುತ್ತಿದ್ದರು. ಆ ಗಾಡಿ ಹಾಗೆ ಚಲಿಸುತ್ತಿರುವ ತನಕ ನನ್ನ ಗಂಡನನ್ನು ನೋಯದಂತೆ ನೋಡಿಕೊಳ್ಳುವವರೊಬ್ಬರು ಲೋಕದಲ್ಲಿದ್ದರು. ಅದನ್ನು ನಿಲ್ಲಿಸುವ ಧೈರ್ಯ ನನಗಾಗಲಿಲ್ಲ. ಇನ್ನೆರಡು ಗಂಟೆಯ ದಾರಿ. "ತಂಗೀ, ಹಳ್ಳ ಬಂತು" ಎಂದು ಅವರು ಕೂಗುತ್ತಿದ್ದರು. ನಾನು "ಹೂಂ" ಎನ್ನುತ್ತಿದ್ದೆ. ಚೇರ್ತಲ ಹೋಯಿತು, ಅರೂರಿನ ಸೇತುವೆ ಹೋಯಿತು.

ಮನೆಯ ಮುಂದೆ ನಿಂತಾಗ ಅವರು ಇಳಿದು ಹಿಂದಿನ ಹಲಗೆ ತೆಗೆದರು. "ಹೋಗಿಬಿಟ್ಟ, ಆಶಾನ್," ಎಂದೆ. "ಈಗ. ಸೇತುವೆ ದಾಟಿದ ಮೇಲೆ."

"ನೋವು?"

"ಇಲ್ಲ. ಎಲ್ಲೂ ನೋವಾಗಲಿಲ್ಲ."

ತಲೆಯಾಡಿಸಿದರು. ಏಲ್ಯಾಮ್ಮನನ್ನು ಕರೆದರು.

ಆಶಾನ್ ತೀರಿಕೊಂಡು ಈಗ ಬಹಳ ವರ್ಷವಾಯಿತು. ನಾನು ಮೈಸೂರಿಗೆ ಬಂದ ಮೂರನೆಯ ವರ್ಷ ಏಲ್ಯಾಮ್ಮ ಯಾರ ಕೈಯಲ್ಲೋ ಇಂಗ್ಲಿಷಿನಲ್ಲಿ ಬರೆಸಿದ ಪತ್ರ ಬಂತು. ಊಟ ಮಾಡಿ ಒರಗಿದವರು ಏಳಲಿಲ್ಲವಂತೆ. ನನಗೆ ಅವರ ಕೊನೆಯ ದರ್ಶನವಾದದ್ದು ಅದಕ್ಕೂ ಮೊದಲು, ಶ್ರೀಧರ ಹೋದ ಐವತ್ತನೆಯ ದಿನಕ್ಕೆ. ಅಷ್ಟು ದಿನ ಕಾಡಿ ಬೇಡಿದರೂ ಬಾರದ ವರ್ಗಾವಣೆಯ ಆದೇಶ ಆಗ ಬಂದಿತ್ತು, ಮೈಸೂರಿಗೆ. ಮಧ್ಯಾಹ್ನದ ರೈಲಿಗೆ ಹೊರಡುವ ಮುಂಚೆ ಶೆಡ್ಡಿಗೆ ಹೋದೆ. ಪಿಕಪ್ಪನ್ನು ಅವರು ಹಳೆಯ ರೂಪಕ್ಕೆ ತಂದಿರಲಿಲ್ಲ. ಮುಳಂತುರುತ್ತಿಯಲ್ಲಿ ಸೊಂಟ ಮುರಿದ ಮುದುಕಿಯೊಬ್ಬರನ್ನು ಮರುದಿನ ಆಸ್ಪತ್ರೆಗೆ ಒಯ್ಯಬೇಕೆಂದು ಅದರ ಕೆಳಗೆ ಕೆಲಸ ಮಾಡುತ್ತಿದ್ದರು. ನನ್ನ ಕಾಲು ಕಂಡು ಹೊರಗೆ ಜಾರಿ ಬಂದರು.

ಏನು ಹೇಳಬೇಕೆಂದು ಯೋಚಿಸಿಕೊಂಡು ಹೋಗಿದ್ದೆನೋ ಅದೊಂದೂ ಬರಲಿಲ್ಲ. "ಆಶಾನ್, ನಿಮಗೊಂದು ಸುಳ್ಳು ಹೇಳಿದೀನಿ," ಎಂದೆ. "ಅವನು ಹೋದದ್ದು ಅರೂರಿನಲ್ಲಲ್ಲ. ಆಲಪ್ಪುಳ ದಾಟಿದ ಕೂಡಲೇ."

"ಗೊತ್ತದ," ಎಂದರು.

ನಾನು ಅವರ ಮುಖ ನೋಡಿದೆ.

"ಕನ್ನಡ್ಯಾಗ ನಿನ್ನ ಕೈ ಕಾಣಸ್ತಿತ್ತು. ಒರಸೂದು ನಿಲ್ಲಿಸಿದಿ."

"ಹಾಗಾದರೆ ಯಾಕೆ ಅಷ್ಟು ನಿಧಾನ ಬಂದಿರಿ? ಎರಡು ಗಂಟೆ. ಒಂದು ಹಳ್ಳದಲ್ಲೂ ಕುಲುಕಿಸದೆ. ಯಾರಿಗೆ ನೋವಾಗಬೇಕಿತ್ತು ಇನ್ನು?"

ಅವರು ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡರು.

"ಹಿಂದ ನೀ ಇದ್ದೆಲ್ಲ, ತಂಗಿ."

ನಾನು ಶೆಡ್ಡಿನ ಬಾಗಿಲಲ್ಲಿ ಕೂತುಬಿಟ್ಟೆ. ಐವತ್ತು ದಿನದಿಂದ ಎಲ್ಲರ ಮುಂದೆ ಗಟ್ಟಿಯಾಗಿ ನಿಂತಿದ್ದವಳು ಅಲ್ಲಿ ಅತ್ತೆ. ಆಶಾನ್ ಸಮಾಧಾನ ಹೇಳಲಿಲ್ಲ, ಹತ್ತಿರವೂ ಬರಲಿಲ್ಲ. ಸ್ವಲ್ಪ ದೂರದಲ್ಲಿ ಬಿದ್ದಿದ್ದ ಒಂದು ಟೈರಿನ ಮೇಲೆ, ಕೈ ಕಟ್ಟಿಕೊಂಡು, ನಾನು ಅತ್ತು ಮುಗಿಸುವ ತನಕ ಕೂತಿದ್ದರು.